ಸಂಚಕಾರ: ಇದ್ದ ಮನೆ ಮಾರುವ ಮುನ್ನ ಹೊಸ ಮನೆಗೆ ಕೊಡುವ ಮಾತು

‘ಪ್ರಾಣಕ್ಕೆ ಸಂಚಕಾರ’, ‘ಕೆರೆಗಳಿಗೆ ಸಂಚಕಾರ’ ಎಂಬ ತಲೆಬರಹಗಳನ್ನು ದಿನಪತ್ರಿಕೆಗಳಲ್ಲಿ ಓದಿ ಓದಿ ಸಂಚಕಾರವೆಂದರೆ ಕೇಡು, ಅಪಾಯ ಎಂದೇ ಇಂದಿನವರು ತಿಳಿದಿದ್ದಾರೆ. ಆದರೆ ಮೂಲದಲ್ಲಿ ಈ ಶಬ್ದದ ಅರ್ಥವೇ ಬೇರೆ. ಸಂಸ್ಕೃತದ ‘ಸತ್ಯಂಕಾರ’ ಎಂಬುದರ ತದ್ಭವ ರೂಪ ಇದು. “ಈ ವಸ್ತುವನ್ನು ನಾನು ಕೊಳ್ಳುವುದು ಸತ್ಯ” ಎಂಬುದಕ್ಕೆ ಗುರುತಾಗಿ ಕೊಳ್ಳುವವನು ಮಾರುವವನ ಕೈಯಲ್ಲಿ ಇಡುವ ಹಣವೇ ಸಂಚಕಾರ. ಉತ್ತರ ಕರ್ನಾಟಕದವರು ಇದನ್ನು ಇಸಾರ ಎನ್ನುತ್ತಾರೆ. ಉಳಿದ ಕಡೆ ಮುಂಗಡವೆಂದೋ ಅಡ್ವಾನ್ಸ್ ಎಂದೋ ಕರೆಯುತ್ತಾರೆ. ಸತ್ಯವನ್ನು ಸ್ಥಾಪಿಸಬೇಕಾಗಿದ್ದ ಶಬ್ದವೊಂದು ಕೇಡಿನ ಹೆಸರಾಗಿ ಮಾರ್ಪಟ್ಟದ್ದು ಹೇಗೆಂಬುದನ್ನು ಭಾಷಾವಿದ್ವಾಂಸರಿಗೆ ಬಿಡೋಣ. ಮನೆಯ ಖರೀದಿಯಲ್ಲಿ ಮಾತ್ರ ಈ ಎರಡೂ ಅರ್ಥಗಳು ಒಂದೇ ಹಣದಲ್ಲಿ ಅಡಗಿ ಕುಳಿತಿರುತ್ತವೆ. ಕೊಟ್ಟವನ ಕೈಯಲ್ಲಿ ಮಾತನ್ನು ಉಳಿಸಿಕೊಳ್ಳುವ ಶಕ್ತಿ ಇದ್ದರೆ ಅದು ಸತ್ಯಂಕಾರ. ಇಲ್ಲದಿದ್ದರೆ ಪತ್ರಿಕೆಗಳು ಹೇಳುವ ಸಂಚಕಾರ.

ಗೃಹಪ್ರವೇಶದ ಆಹ್ವಾನ ಪತ್ರಿಕೆಯನ್ನು ಹಿಡಿದು ಮಠಗಳಿಗೆ ಬರುವ ಭಕ್ತರ ಮುಖದಲ್ಲಿ ಸಹಜವಾಗಿ ಸಂತೋಷವಿರುತ್ತದೆ. ಆದರೆ ಅವರಲ್ಲಿ ಕೆಲವರು ತಮ್ಮ ಹಳೆಯ ಮನೆ ಇನ್ನೂ ಮಾರಾಟವಾಗಿಲ್ಲವೆಂಬುದನ್ನು ಹೊರಡುವ ಹೊತ್ತಿಗೆ, ಬಾಗಿಲ ಬಳಿ ನಿಂತು, ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಇರುವ ಮನೆಯನ್ನು ಮಾರಿ ಬರುವ ಹಣದಿಂದಲೇ ಹೊಸ ಮನೆಯನ್ನು ಕೊಳ್ಳಬೇಕಾದವರು, ಹಳೆಯದು ಮಾರಾಟವಾಗುವುದಕ್ಕೆ ಮೊದಲೇ ಹೊಸದಕ್ಕೆ ಸಂಚಕಾರ ಕೊಡುವುದು ತಕ್ಕುದೇ ಎಂಬುದು ಇಂದಿನ ವಿಚಾರ. ಇದು ಕೇವಲ ಲಾಭನಷ್ಟದ ಲೆಕ್ಕವಲ್ಲ. ಇನ್ನೊಬ್ಬ ಗೃಹಸ್ಥನಿಗೆ ಕೊಡುವ ಮಾತು ಇದರಲ್ಲಿ ಅಡಗಿರುವುದರಿಂದ ಇದು ನಡೆನುಡಿಗಳ ಪ್ರಶ್ನೆಯೂ ಹೌದು.

ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ದಾವಣಗೆರೆಯ ಹಳೇಪೇಟೆಯಲ್ಲಿ ಮನೆಯಿರುವ ನಿವೃತ್ತ ಶಿಕ್ಷಕ ದಂಪತಿ. ಮೆಟ್ಟಿಲು ಹತ್ತಲಾಗದ ವಯಸ್ಸು, ಕಿರಿದಾದ ಓಣಿ, ವಾಹನ ನಿಲ್ಲಿಸಲು ಸ್ಥಳವಿಲ್ಲ. ವಿದ್ಯಾನಗರದ ಕಡೆ 60 ಲಕ್ಷ ರೂಪಾಯಿಗೆ ಒಂದು ಮನೆ ಮನಸ್ಸಿಗೆ ಒಪ್ಪಿಗೆಯಾಗಿದೆ. ಹಳೆಯ ಮನೆಗೆ 50 ಲಕ್ಷ ಬರುವುದೆಂದು ನೆರೆಯವರು ಹೇಳಿದ್ದಾರೆ. ನಿವೃತ್ತಿಯ ಉಳಿತಾಯ 15 ಲಕ್ಷವಿದೆ. ಒಟ್ಟು 65 ಲಕ್ಷವಾಯಿತು, ಸಾಲವಿಲ್ಲದೆ ಹೊಸ ಮನೆಯಾಗುತ್ತದೆ ಎಂಬುದು ಯಜಮಾನರ ಎಣಿಕೆ. ಹತ್ತರಲ್ಲಿ ಒಂದು ಪಾಲಿನಂತೆ 6 ಲಕ್ಷ ಸಂಚಕಾರ ಕೊಟ್ಟು, ಮೂರು ತಿಂಗಳಲ್ಲಿ ನೋಂದಣಿ ಮಾಡಿಸಿಕೊಳ್ಳುವುದಾಗಿ ಕರಾರು ಪತ್ರಕ್ಕೆ ಸಹಿ ಹಾಕಿ ಬಂದರು.

ಈ ಎಣಿಕೆಯಲ್ಲಿ ಮೊದಲು ಬಿಟ್ಟುಹೋಗುವುದು ನೋಂದಣಿಯ ವೆಚ್ಚ. ನಮ್ಮ ರಾಜ್ಯದಲ್ಲಿ 45 ಲಕ್ಷಕ್ಕೆ ಮೇಲ್ಪಟ್ಟ ಬೆಲೆಯ ಸ್ವತ್ತಿಗೆ ಮುದ್ರಾಂಕ ಶುಲ್ಕ ಶೇ. 5. ಅದರ ಮೇಲೆ ಸೆಸ್ ಹಾಗೂ ಸರ್ಚಾರ್ಜ್ ಸೇರಿ ನಗರ ಪ್ರದೇಶದಲ್ಲಿ ಶೇ. 5.6 ಆಗುತ್ತದೆ. ಶೇ. 1ರಷ್ಟಿದ್ದ ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿಸಲಾಗಿದೆ. 60 ಲಕ್ಷದ ಮನೆಗೆ ಇವೆಲ್ಲ ಸೇರಿ 4 ಲಕ್ಷ 56 ಸಾವಿರ ರೂಪಾಯಿ. ಅಲ್ಲಿಗೆ ಬೇಕಾದ ಮೊತ್ತ 64 ಲಕ್ಷ 56 ಸಾವಿರವಾಯಿತು. ಉಳಿದದ್ದು 44 ಸಾವಿರ. ಸಾಮಾನು ಸಾಗಿಸಿ, ಸುಣ್ಣಬಣ್ಣ ಮಾಡಿಸಿ, ದಲ್ಲಾಳಿಗೆ ಕೊಡುವುದಕ್ಕೂ ಅದು ಸಾಲದು. ಆದರೂ ಎಣಿಕೆ ಹೇಗೋ ಸರಿಹೋಯಿತು ಎನ್ನೋಣ. ಎರಡು ತಿಂಗಳು ಕಳೆದರೂ ಹಳೆಯ ಮನೆಗೆ ಗಿರಾಕಿ ಬರಲಿಲ್ಲ. ಕೊನೆಗೆ ಒಬ್ಬನು ಬಂದನು. ಅವನು 42 ಲಕ್ಷ ಎಂದನು.

ಅವನು ಹಾಗೆ ಕೇಳಿದ್ದು ಆ ಮನೆಗೆ ಅಷ್ಟೇ ಬೆಲೆಯೆಂದಲ್ಲ. ಇವರು ಬೇರೊಂದು ಮನೆಗೆ ಸಂಚಕಾರ ಕೊಟ್ಟಿದ್ದಾರೆ, ಗಡುವು ಹತ್ತಿರವಾಗಿದೆ ಎಂಬ ಸುದ್ದಿ ಅವನ ಕಿವಿಗೆ ಬಿದ್ದಿದೆ. ಊರಿನಲ್ಲಿ ಇಂಥ ಸುದ್ದಿಗಳು ಅಡಗಿರುವುದಿಲ್ಲ. ಎಷ್ಟೋ ಸಲ ಎರಡೂ ಕಡೆಗೆ ಒಬ್ಬನೇ ದಲ್ಲಾಳಿಯಿರುತ್ತಾನೆ. ಹಳೆಯ ಮನೆಯ ಬೆಲೆ ಇಳಿದದ್ದು ಹೊಸ ಮನೆಗೆ ಸಂಚಕಾರ ಕೊಟ್ಟ ದಿನವೇ. ಮಾರಲೇಬೇಕಾದವನು ಎಂದು ಗೊತ್ತಾದ ಮೇಲೆ ಗಿರಾಕಿ ಅವಸರಪಡುವುದಿಲ್ಲ, ಕಾಯುತ್ತಾನೆ. ಯಜಮಾನರ ಮುಂದೆ ಈಗ ಉಳಿದಿರುವುದು ಮೂರು ದಾರಿ. 6 ಲಕ್ಷವನ್ನು ಕಳೆದುಕೊಳ್ಳಬೇಕು. ಇಲ್ಲವೇ 8 ಲಕ್ಷ ಕಡಿಮೆಗೆ ಹಳೆಯ ಮನೆಯನ್ನು ಮಾರಿ ಆ ಎಂಟು ಲಕ್ಷವನ್ನು ಬೇರೆಲ್ಲಿಂದಲೋ ತರಬೇಕು. ಅಥವಾ ಪೂರ್ತಿ ಕೊರತೆಯನ್ನು ಸಾಲದಿಂದ ತುಂಬಬೇಕು. ನಿವೃತ್ತರಾದವರಿಗೆ ಬ್ಯಾಂಕುಗಳು ದೀರ್ಘಾವಧಿಯ ಗೃಹಸಾಲ ಕೊಡುವುದು ಕಷ್ಟ. ಕೈಗಡವೆಂದರೆ ನಮ್ಮ ಊರುಗಳಲ್ಲಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯ ಮಾತು ಸಾಮಾನ್ಯ. ಎಂಟು ಲಕ್ಷಕ್ಕೆ ಅದು ತಿಂಗಳಿಗೆ 16 ಸಾವಿರ. ಪಿಂಚಣಿಯ ಎಷ್ಟು ಪಾಲು ಹೋಯಿತೆಂಬುದನ್ನು ಓದುಗರೇ ಊಹಿಸಬಹುದು.

“ಕೊಟ್ಟ ಮುಂಗಡವನ್ನು ಅವರು ಹಿಂದಿರುಗಿಸದೆ ಇರುವರೇ?” ಎಂದು ಕೇಳುವವರಿದ್ದಾರೆ. ಈ ವಿಷಯದಲ್ಲಿ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳು ಗಮನಾರ್ಹವಾಗಿವೆ. ಮೊದಲನೆಯದು 1963ರ ಫತೇಚಂದ್ ಮತ್ತು ಬಾಲಕಿಶನ್ ದಾಸ್ ಅವರ ನಡುವಣ ಪ್ರಕರಣ. ದೆಹಲಿಯ ಒಂದು ಬಂಗಲೆಯನ್ನು 1,12,500 ರೂಪಾಯಿಗೆ ಕೊಳ್ಳಲು 1949ರಲ್ಲಿ ಕರಾರಾಗಿತ್ತು. ಕೊಳ್ಳುವವರು ಸಂಚಕಾರವಾಗಿ 1,000 ರೂಪಾಯಿಯನ್ನೂ ಆಮೇಲೆ ಬೆಲೆಯ ಭಾಗವಾಗಿ 24,000 ರೂಪಾಯಿಯನ್ನೂ ಕೊಟ್ಟಿದ್ದರು. ವ್ಯವಹಾರ ಮುರಿದಾಗ ಮಾರುವವರು 25,000ವನ್ನೂ ಇಟ್ಟುಕೊಳ್ಳಲು ಬಯಸಿದರು. ಸಂಚಕಾರದ ಸಾವಿರವನ್ನು ಮಾತ್ರ ಮುಟ್ಟುಗೋಲು ಹಾಕಿಕೊಳ್ಳಬಹುದು, ಉಳಿದ 24,000ವನ್ನು ಹಾಗೆ ಇಟ್ಟುಕೊಳ್ಳಲಾಗದು ಎಂದು ನ್ಯಾಯಾಲಯ ಹೇಳಿತು. ಎರಡನೆಯದು 2012ರ ಸತೀಶ್ ಬಾತ್ರಾ ಪ್ರಕರಣ. ಅಲ್ಲಿ 70 ಲಕ್ಷದ ಸ್ವತ್ತಿಗೆ 7 ಲಕ್ಷ ಸಂಚಕಾರ ಕೊಡಲಾಗಿತ್ತು. ಮಾರುವವರು 50 ಸಾವಿರವನ್ನು ಮಾತ್ರ ಇಟ್ಟುಕೊಳ್ಳಬಹುದೆಂದು ಉಚ್ಚ ನ್ಯಾಯಾಲಯ ಹೇಳಿದ್ದರೆ, ಸರ್ವೋಚ್ಚ ನ್ಯಾಯಾಲಯವು ಏಳು ಲಕ್ಷವನ್ನೂ ಇಟ್ಟುಕೊಳ್ಳುವ ಹಕ್ಕು ಅವರಿಗಿದೆಯೆಂದು ತೀರ್ಮಾನಿಸಿತು. ಆ ಹಣ ಮಾತಿನ ಭದ್ರತೆಗೆಂದೇ ಕೊಟ್ಟ ಸಂಚಕಾರವಾಗಿದ್ದುದು ಅದಕ್ಕೆ ಕಾರಣ.

ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಬೆಲೆಯ ಒಂದು ಭಾಗವನ್ನು ಮೊದಲೇ ಕೊಡುವುದು ಬೇರೆ, ಮಾತಿನ ಭದ್ರತೆಗಾಗಿ ಕೊಡುವುದು ಬೇರೆ. ಕರಾರು ಪತ್ರದಲ್ಲಿ ಯಾವ ಶಬ್ದವನ್ನು ಬರೆದಿದೆ, ಮಾತು ತಪ್ಪಿದರೆ ಏನೆಂದು ಬರೆದಿದೆ ಎಂಬುದರ ಮೇಲೆ ಲಕ್ಷಾಂತರ ರೂಪಾಯಿಯ ಭವಿಷ್ಯ ನಿಂತಿದೆ. ಪತ್ರ ಬರೆಯುವವರು ಸಿದ್ಧ ಮಾದರಿಯೊಂದನ್ನು ತೆಗೆದು ಹೆಸರುಗಳನ್ನು ತುಂಬಿ ಕೊಟ್ಟರೆ ಓದದೆ ಸಹಿ ಮಾಡುವ ವಿದ್ಯಾವಂತರೇ ನಮ್ಮಲ್ಲಿ ಹೆಚ್ಚು. ಅವಿದ್ಯಾವಂತರು ಕಡೆಯ ಪಕ್ಷ ಇನ್ನೊಬ್ಬರಿಂದ ಓದಿಸಿ ಕೇಳುತ್ತಾರೆ.

ಇನ್ನೊಂದು ತಪ್ಪು ತಿಳಿವಳಿಕೆ, ಕರಾರಾದ ಮೇಲೆ ಮನೆ ಅರ್ಧ ನಮ್ಮದಾಯಿತು ಎಂಬುದು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೆಯ ಕಲಮಿನ ಪ್ರಕಾರ ಮಾರಾಟದ ಕರಾರಿನಿಂದಲೇ ಸ್ವತ್ತಿನಲ್ಲಿ ಯಾವ ಹಿತಾಸಕ್ತಿಯೂ ಹುಟ್ಟುವುದಿಲ್ಲ. ಕರಾರನ್ನು ನ್ಯಾಯಾಲಯದ ಮೂಲಕ ನೆರವೇರಿಸಿಕೊಳ್ಳಬೇಕಾದರೆ ಕೊಳ್ಳುವವನು ತಾನು ಸದಾ ‘ಸಿದ್ಧನೂ ಇಚ್ಛೆಯುಳ್ಳವನೂ’ ಆಗಿದ್ದೆನೆಂದು ತೋರಿಸಬೇಕು. ಇಲ್ಲಿ ‘ಸಿದ್ಧ’ ಎಂಬುದನ್ನು ನ್ಯಾಯಾಲಯಗಳು ಹಣ ಹೊಂದಿಸುವ ಸಾಮರ್ಥ್ಯವೆಂದು ಅರ್ಥೈಸಿವೆ. ಕೊಳ್ಳುವ ಇಚ್ಛೆ ಯಜಮಾನರಿಗೆ ಬೇಕಾದಷ್ಟಿತ್ತು. ಸಿದ್ಧತೆ ಮಾತ್ರ ಇನ್ನೂ ಬಾರದ ಗಿರಾಕಿಯ ಜೇಬಿನಲ್ಲಿತ್ತು.

ಹಳೆಯ ಮನೆ ಏಕೆ ಬೇಗ ಮಾರಾಟವಾಗುವುದಿಲ್ಲ? ಬೆಲೆ ಹೆಚ್ಚಾಯಿತೆಂಬುದು ಒಂದು ಕಾರಣವಷ್ಟೇ. ಬಹಳ ಸಲ ತೊಡಕಿರುವುದು ಕಾಗದಗಳಲ್ಲಿ. ತಂದೆಯ ಹೆಸರಿನಲ್ಲಿಯೇ ಉಳಿದಿರುವ ಖಾತೆ, ಬಾಯಿಮಾತಿನಲ್ಲಿ ಮುಗಿದ ಪಾಲುಪಟ್ಟಿ, ತೀರಿಸಿದರೂ ದಾಖಲೆಯಲ್ಲಿ ಉಳಿದುಕೊಂಡಿರುವ ಅಡಮಾನ; ಇವೆಲ್ಲ ಗಿರಾಕಿಯ ವಕೀಲರು ಋಣಭಾರ ಪ್ರಮಾಣಪತ್ರವನ್ನು ತೆಗೆಸಿದ ದಿನ ಹೊರಬೀಳುತ್ತವೆ. 2024ರ ಅಕ್ಟೋಬರಿನಿಂದ ನಮ್ಮ ರಾಜ್ಯದ ನಗರ ಪ್ರದೇಶದ ಸ್ವತ್ತುಗಳ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ಗಿರಾಕಿ ಸಿಕ್ಕ ಮೇಲೆ ಇ-ಖಾತೆಗೆ ಅರ್ಜಿ ಹಾಕುವುದೆಂದರೆ ಬಾಯಾರಿದ ಮೇಲೆ ಬಾವಿ ತೋಡಿದಂತೆ.

ಎಲ್ಲಕ್ಕಿಂತ ಸೂಕ್ಷ್ಮವಾದುದು ಅಕ್ಕತಂಗಿಯರ ಸಹಿ. ಪಿತ್ರಾರ್ಜಿತ ಮನೆಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲುಂಟೆಂದು ಕರ್ನಾಟಕವು 1994ರಲ್ಲಿಯೇ ತಿದ್ದುಪಡಿ ತಂದಿತ್ತು. ಅಂದು ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಅದು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. 2005ರಲ್ಲಿ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲ, ಹಕ್ಕು ಹುಟ್ಟಿನಿಂದ ಬಂದದ್ದು ಎಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ವಿನೀತಾ ಶರ್ಮ ಪ್ರಕರಣದಲ್ಲಿ ಖಚಿತಪಡಿಸಿತು. ಹಿಂದೂ ಉತ್ತರಾಧಿಕಾರ ಕಾಯ್ದೆಯು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆಯಾದ್ದರಿಂದ ಇದು ನಮ್ಮ ಭಕ್ತರ ಮನೆಗಳಿಗೂ ಅನ್ವಯಿಸುತ್ತದೆ. ತಂಗಿಗೆ ಒಂದು ಮಾತನ್ನೂ ಕೇಳದೆ ಅಣ್ಣನು ಹೊಸ ಮನೆಗೆ ಸಂಚಕಾರ ಕೊಟ್ಟು, ಗಡುವು ಮುಗಿಯುವ ವಾರ ಅವಳ ಮನೆಗೆ ಸೀರೆ, ಹಣ್ಣುಕಾಯಿ ಹಿಡಿದು ಸಹಿಗೆಂದು ಹೋಗುತ್ತಾನೆ. ಅವಳು “ಯೋಚಿಸಿ ಹೇಳುತ್ತೇನೆ, ಅಣ್ಣಾ” ಎಂದರೆ ಅದನ್ನು ದುರಾಸೆಯೆಂದು ದೂರುವವರನ್ನು ನಾವು ಕಂಡಿದ್ದೇವೆ. ದೂರಬೇಕಾದುದು ಅವಳನ್ನಲ್ಲ. ಅವಳ ಪಾಲಿನ ಹಣವನ್ನೂ ತನ್ನದೆಂದೇ ಎಣಿಸಿ ಅನ್ಯರಿಗೆ ಮಾತು ಕೊಟ್ಟದ್ದು ಯಾವ ನ್ಯಾಯ? ಪಾಲು ಕೊಟ್ಟ ಮೇಲೆ ಉಳಿಯುವುದೆಷ್ಟೋ ಅಷ್ಟೇ ಅವನ ಕೈಯ ಹಣ. ಹೊಸ ಮನೆಯ ಬೆಲೆಯನ್ನು ಅಷ್ಟಕ್ಕೇ ಅಳೆದುಕೊಳ್ಳಬೇಕಾಗಿತ್ತು.

ಆಷಾಢದ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಶರಣರು ದಿನ, ವಾರ, ತಿಥಿ, ನಕ್ಷತ್ರಗಳ ಗೊಡವೆಯನ್ನು ತಳ್ಳಿಹಾಕಿದವರು. ನೀವು ಆಷಾಢವನ್ನು ನೋಡದಿರಬಹುದು. ನಿಮ್ಮ ಗಿರಾಕಿ ನೋಡುತ್ತಾನೆ. ಆಷಾಢ ಮಾಸ, ಮಹಾಲಯದ ಪಕ್ಷ ಇವುಗಳಲ್ಲಿ ಮನೆ ನೋಡಲು ಬರುವವರೇ ವಿರಳ. ಮೂರು ತಿಂಗಳ ಗಡುವಿನಲ್ಲಿ ಒಂದು ತಿಂಗಳು ಹೀಗೆ ಜಾರಿಹೋಗುತ್ತದೆ.

ಆಯ್ದಕ್ಕಿ ಮಾರಯ್ಯನವರ ಪ್ರಸಂಗವನ್ನು ಬಲ್ಲವರು ಬಹಳ. ಕಲ್ಯಾಣದ ಬೀದಿಯಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಆ ಶರಣರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದರು. ಇದನ್ನು ನಿರಾಸೆಯ, ಅಪರಿಗ್ರಹದ ಉಪದೇಶವಾಗಿ ಮಾತ್ರ ವ್ಯಾಖ್ಯಾನಿಸುವುದು ರೂಢಿ. ನಮಗೆ ಅದರಲ್ಲಿ ಇನ್ನೊಂದು ಅಂಶವೂ ಕಾಣುತ್ತದೆ. ಮನೆಗೆ ಎಷ್ಟು ಬೇಕೆಂಬುದನ್ನು ಬಲ್ಲವಳು ಮನೆಯೊಡತಿ, ಆಕೆಗೆ “ಇದು ಹೆಚ್ಚಾಯಿತು” ಎಂದು ಹೇಳುವ ಅಧಿಕಾರವಿತ್ತು, ಹೇಳಿದ ಮಾತಿಗೆ ಬೆಲೆಯಿತ್ತು. ಇಂದು ಮನೆಯನ್ನು ನೋಡಲು ದಂಪತಿ ಕೂಡಿ ಹೋಗುತ್ತಾರೆ. ಆದರೆ ಸಂಚಕಾರವನ್ನು “ಇಂದೇ ಕೊಡದಿದ್ದರೆ ನಾಳೆ ಬೇರೆಯವರ ಪಾಲಾಗುತ್ತದೆ” ಎಂಬ ದಲ್ಲಾಳಿಯ ಮಾತು ಕೇಳಿ ಯಜಮಾನರೊಬ್ಬರೇ ಕೊಟ್ಟು ಬರುತ್ತಾರೆ. ಹೀಗೆ ಅವಸರಪಡಿಸಿದ ಮನೆಗಳು ಮರುವರ್ಷವೂ ಹಾಗೆಯೇ ಖಾಲಿಯಿರುವುದನ್ನು ಯಾವ ಊರಿನಲ್ಲಿಯೂ ನೋಡಬಹುದು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಮೊದಲು ಕೊಳ್ಳುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ಬಾಡಿಗೆ ಮನೆಗೊಮ್ಮೆ, ಹೊಸ ಮನೆಗೊಮ್ಮೆ ಎತ್ತಿ ಸಾಗಿಸಲಾಗದ ಮಕ್ಕಳಿದ್ದಾರೆ. ಮಾರಿದ ಹಣ ಬ್ಯಾಂಕಿನಲ್ಲಿರುವಾಗಲೇ ಮನೆಗಳ ಬೆಲೆ ಕೈಮೀರಿ ಏರಿ, ಇದ್ದ ಮನೆಯನ್ನೂ ಕಳೆದುಕೊಂಡು ಬಾಡಿಗೆಯಲ್ಲಿಯೇ ಉಳಿದವರು ಬೆಂಗಳೂರಿನಲ್ಲಿ ಇಲ್ಲದಿಲ್ಲ. ದುಡಿಯುವ ಮಕ್ಕಳಿದ್ದು, ಹಳೆಯ ಮನೆ ಒಂದು ವರ್ಷ ಮಾರಾಟವಾಗದಿದ್ದರೂ ಮನೆಯ ಊಟ, ಔಷಧ, ಓದು ಯಾವುದಕ್ಕೂ ಕೊರತೆಯಾಗದೆ ನಡೆಯುತ್ತದೆ ಎನ್ನುವವರು ಮೊದಲು ಕೊಳ್ಳಬಹುದು. ಎರಡು ಮನೆಗಳ ನಡುವಣ ಅವಧಿಗೆಂದು ಕೆಲವು ಬ್ಯಾಂಕುಗಳು ಅಲ್ಪಾವಧಿಯ ಸಾಲವನ್ನೂ ಕೊಡುತ್ತವೆ. ಅದರ ಬಡ್ಡಿ ಶೇ. 10 ಎಂದಿಟ್ಟುಕೊಂಡರೂ 40 ಲಕ್ಷಕ್ಕೆ ತಿಂಗಳಿಗೆ 33 ಸಾವಿರಕ್ಕೂ ಮಿಗಿಲಾಗುತ್ತದೆ. ಹನ್ನೆರಡು ತಿಂಗಳಿಗೆ ಅದನ್ನು ಗುಣಿಸಿ ನೋಡಿಯೇ ಹೆಜ್ಜೆಯಿಡಬೇಕು.

ಮೊದಲು ಕೊಳ್ಳುವವರು ಆದಾಯ ತೆರಿಗೆಯ ಒಂದು ಗಡಿಯಾರವನ್ನೂ ಗಮನದಲ್ಲಿಡಬೇಕು. ವಾಸದ ಮನೆಯನ್ನು ಮಾರಿ ಬಂದ ಲಾಭದಿಂದ ಇನ್ನೊಂದು ವಾಸದ ಮನೆಯನ್ನು ಮಾಡಿಕೊಂಡರೆ ಆ ಲಾಭಕ್ಕೆ ತೆರಿಗೆಯ ವಿನಾಯಿತಿಯುಂಟು. ಹೊಸ ಮನೆಯನ್ನು ಹಳೆಯದನ್ನು ಮಾರುವುದಕ್ಕೆ ಹಿಂದಿನ ಒಂದು ವರ್ಷದೊಳಗೆ ಅಥವಾ ಮಾರಿದ ಮೇಲೆ ಎರಡು ವರ್ಷದೊಳಗೆ ಕೊಂಡಿರಬೇಕು. ಕಟ್ಟಿಸುವುದಾದರೆ ಮಾರಿದ ಮೇಲೆ ಮೂರು ವರ್ಷದೊಳಗೆ ಆಗಬೇಕು. ಮೊದಲು ಮಾರಿದವನಿಗೆ ಎರಡು ವರ್ಷದ ಸಾವಧಾನವಿದೆ, ಹಣವನ್ನು ತಾತ್ಕಾಲಿಕವಾಗಿ ಇಡಲು ಬ್ಯಾಂಕುಗಳಲ್ಲಿ 1988ರಿಂದಲೂ ವಿಶೇಷ ಖಾತೆಯ ಯೋಜನೆಯಿದೆ. ಮೊದಲು ಕೊಂಡವನಿಗೆ ಇರುವುದು ಒಂದೇ ವರ್ಷ. ಹಳೆಯ ಮನೆ ಹದಿಮೂರನೆಯ ತಿಂಗಳಿನಲ್ಲಿ ಮಾರಾಟವಾದರೆ ಆ ಖರೀದಿಯ ಬಲದಿಂದ ವಿನಾಯಿತಿ ಸಿಗದು. ಈ ತೆರಿಗೆಯ ದರ 2024ರ ಜುಲೈ 23ರಿಂದ ಶೇ. 12.5. ಅದಕ್ಕೆ ಮೊದಲೇ ಕೊಂಡಿದ್ದ ಸ್ವತ್ತುಗಳಿಗೆ ಹಣದುಬ್ಬರದ ಲೆಕ್ಕದೊಡನೆ ಶೇ. 20ರ ಹಳೆಯ ಕ್ರಮವನ್ನು ಆಯ್ದುಕೊಳ್ಳುವ ಅವಕಾಶವೂ ಉಂಟು. ಅಜ್ಜನ ಕಾಲದ ಮನೆಗಳಲ್ಲಿ ಬಂದ ಬೆಲೆಯ ಬಹುಭಾಗ ಲಾಭವೇ ಆಗಿರುವುದರಿಂದ ಇದು ಸಣ್ಣ ಮೊತ್ತವಲ್ಲ. ಲೆಕ್ಕಪರಿಶೋಧಕರೊಬ್ಬರನ್ನು ಸಂಚಕಾರ ಕೊಡುವ ಮೊದಲು ಕಾಣಬೇಕೇ ಹೊರತು ಆಮೇಲಲ್ಲ.

ಹಾಗಾದರೆ ಮನಸ್ಸಿಗೆ ಒಪ್ಪಿದ ಮನೆ ಕಣ್ಣೆದುರಿಗಿದ್ದು, ಹಳೆಯದು ಇನ್ನೂ ಮಾರಾಟವಾಗದಿದ್ದರೆ ಏನು ಮಾಡಬೇಕು? ಇದ್ದುದನ್ನು ಇದ್ದಂತೆ ಹೇಳಬೇಕು. “ನನ್ನ ಹಳೆಯ ಮನೆ ಇಂತಿಷ್ಟು ದಿನಗಳಲ್ಲಿ ಮಾರಾಟವಾದರೆ ಮಾತ್ರ ಈ ಖರೀದಿ; ಆಗದಿದ್ದರೆ ಕರಾರು ತಾನಾಗಿಯೇ ಬಿದ್ದುಹೋಗತಕ್ಕದ್ದು, ಮುಂಗಡ ಇಷ್ಟು ದಿನಗಳಲ್ಲಿ ಹಿಂದಿರುಗತಕ್ಕದ್ದು” ಎಂದು ಪತ್ರದಲ್ಲಿಯೇ ಬರೆಸುವುದಕ್ಕೆ 1872ರ ಕರಾರು ಕಾಯ್ದೆಯಲ್ಲಿ ಅವಕಾಶವಿದೆ. ಮುಂದೆ ನಡೆಯಬಹುದಾದ ಒಂದು ಘಟನೆಯನ್ನು ಅವಲಂಬಿಸಿದ ಕರಾರುಗಳಿಗೆಂದೇ ಅದರಲ್ಲಿ ಪ್ರತ್ಯೇಕ ಕಲಮುಗಳಿವೆ. ಗೊತ್ತುಪಡಿಸಿದ ಅವಧಿಯಲ್ಲಿ ಆ ಘಟನೆ ನಡೆಯದಿದ್ದರೆ ಕರಾರು ಶೂನ್ಯವಾಗುತ್ತದೆ. ಮಾರುವವರು ಇದಕ್ಕೆ ಒಪ್ಪದಿರಬಹುದು. ಒಪ್ಪದಿರುವುದು ಅವರ ಹಕ್ಕು. ಏಕೆಂದರೆ ಅವರೂ ಬಹುಶಃ ಇದೇ ಹಣವನ್ನು ನಂಬಿ ಮಗಳ ಮದುವೆಗೋ ಇನ್ನೊಂದು ಮನೆಗೋ ಮಾತು ಕೊಟ್ಟಿರುತ್ತಾರೆ. ನಮ್ಮ ಗಡುವು ತಪ್ಪಿದರೆ ಅವರದೂ ತಪ್ಪುತ್ತದೆ, ಅವರನ್ನು ನಂಬಿದವರದೂ ತಪ್ಪುತ್ತದೆ. ಮುಂಗಡವನ್ನು ಅವರು ಇಟ್ಟುಕೊಂಡರೆಂದು ಕಣ್ಣೀರಿಡುವವರು ಈ ಇನ್ನೊಂದು ಮನೆಯ ಕಣ್ಣೀರನ್ನು ನೆನೆಯುವುದು ಅಪರೂಪ. ಷರತ್ತನ್ನು ಮುಚ್ಚಿಟ್ಟು “ಹಣ ಸಿದ್ಧವಿದೆ” ಎಂದು ಹೇಳಿ ಪಡೆದ ಒಪ್ಪಿಗೆಗಿಂತ, ಷರತ್ತನ್ನು ಹೇಳಿ ಪಡೆದ ನಿರಾಕರಣೆ ಮೇಲು. ಕಟ್ಟುತ್ತಿರುವ ಅಪಾರ್ಟ್‌ಮೆಂಟುಗಳ ವಿಷಯದಲ್ಲಿಯಂತೂ 2016ರ ರೇರಾ ಕಾಯ್ದೆಯು ಕರಾರನ್ನು ನೋಂದಾಯಿಸದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವುದನ್ನೇ ನಿಷೇಧಿಸಿದೆ. ಕೇಳಿದರೂ ಕೊಡಬೇಕಾಗಿಲ್ಲ.

ಮೊದಲು ಮಾರುವವರು ಬೀದಿಗೆ ಬೀಳುತ್ತೇವೆಂದು ಅಂಜುವ ಕಾರಣವೂ ಇಲ್ಲ. ಹಳೆಯ ಮನೆಯ ಗಿರಾಕಿಯೊಡನೆಯೇ ಮಾತನಾಡಿ, ನೋಂದಣಿಯಾದ ಮೇಲೆ ಮೂರೋ ನಾಲ್ಕೋ ತಿಂಗಳು ಅದೇ ಮನೆಯಲ್ಲಿ ಬಾಡಿಗೆಗೆ ಉಳಿಯುವ ಏರ್ಪಾಟನ್ನು ಮಾಡಿಕೊಳ್ಳಬಹುದು. ಹಾಗೆ ಉಳಿಯುವ ಅವಧಿ, ಬಾಡಿಗೆ, ಬಿಡುವ ದಿನಾಂಕ ಇವುಗಳನ್ನು ಕಾಗದದ ಮೇಲೆ ಬರೆಯಬೇಕು. ಕೊಂಡವರಿಗೆ ನಂಬಿಕೆ ಬರುವಂತೆ ಬೆಲೆಯಲ್ಲಿ ಒಂದು ಸಣ್ಣ ಭಾಗವನ್ನು ಮನೆ ಬಿಟ್ಟುಕೊಡುವ ದಿನಕ್ಕೆ ಉಳಿಸಿಕೊಳ್ಳಲು ಅವರಿಗೆ ಹೇಳಬಹುದು. ಎರಡು ಖರೀದಿಗಳ ಮಾತುಕತೆ ಕೂಡಿಬಂದರೆ ಎರಡೂ ನೋಂದಣಿಗಳನ್ನು ಒಂದೇ ದಿನ, ಒಂದೇ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಎಂದು ಮಾಡಿಸಿಕೊಂಡವರೂ ಇದ್ದಾರೆ. ಅದಕ್ಕೆ ಹಳೆಯ ಮನೆಯ ಇ-ಖಾತೆಯೂ ಅಕ್ಕತಂಗಿಯರ ಒಪ್ಪಿಗೆಯೂ ಮೊದಲೇ ಕೈಯಲ್ಲಿರಬೇಕು. ಹೊಸ ಮನೆಯನ್ನು ನೋಡಲು ಹೊರಡುವುದಕ್ಕೆ ಮುನ್ನ ಆ ಎರಡು ಕೆಲಸಗಳನ್ನು ಮುಗಿಸಿಕೊಳ್ಳಲು ಯಾರ ಮುಂಗಡವೂ ಬೇಕಾಗಿಲ್ಲ.